ಮರೆವು ಮತ್ತು ಜೀವಸ್ವರೂಪ

ಭಾದ್ರಪದ ಬಹುಳದ ಪಕ್ಷಮಾಸದಲ್ಲಿ ನಾವು ಗತಿಸಿದ ಹಿರಿಯರನ್ನು ಗೋತ್ರನಾಮಗಳಿಂದ ಉಚ್ಚರಿಸಿ ತಿಲೋದಕವನ್ನು ಕೊಡುತ್ತೇವೆ. ತಂದೆಯ ಸ್ಥಾನದಲ್ಲಿ ವಸ್ವಂತರ್ಗತ ಪ್ರದ್ಯುಮ್ನನನ್ನೂ, ಅಜ್ಜನ ಸ್ಥಾನದಲ್ಲಿ ರುದ್ರಾಂತರ್ಗತ ಸಂಕರ್ಷಣನನ್ನೂ, ಮುತ್ತಜ್ಜನ ಸ್ಥಾನದಲ್ಲಿ ಆದಿತ್ಯಾಂತರ್ಗತ ವಾಸುದೇವನನ್ನೂ ಚಿಂತಿಸುವುದು ನಮ್ಮ ಸಂಪ್ರದಾಯ. ಯಾರಿಗಾಗಿ ಈ ಕರ್ಮವನ್ನು ಮಾಡುತ್ತೇವೆಯೋ ಅವರ ದೇಹವು ಎಂದೋ ಭಸ್ಮವಾಗಿದೆ. ಅವರಿಗೆ ನಮ್ಮ ನೆನಪಿದೆಯೋ ಇಲ್ಲವೋ ನಾವು ಅರಿಯೆವು. ಆದರೂ ಅಂದು ನಮ್ಮನ್ನು ಎತ್ತಿ ಆಡಿಸಿದ ಜೀವನೇ ಇಂದು ಈ ತರ್ಪಣಕ್ಕೆ ಉದ್ದೇಶ್ಯನಾಗಿದ್ದಾನೆ ಎಂಬಲ್ಲಿ ನಮಗೆ ಲೇಶವೂ ಸಂದೇಹವಿಲ್ಲ.

ಹೀಗೆ ದೇಹವಿಲ್ಲದವರ ವಿಷಯದಲ್ಲಿ ದೃಢವಾಗಿರುವ ನಮ್ಮ ನಂಬಿಕೆಯು, ದೇಹವಿದ್ದು ನೆನಪಿಲ್ಲದವರ ವಿಷಯದಲ್ಲಿ ಅಲುಗಾಡುವುದನ್ನು ಈಚೆಗೆ ಅನೇಕ ಮನೆಗಳಲ್ಲಿ ಕಾಣುತ್ತೇವೆ. ವೃದ್ಧಾಪ್ಯದಲ್ಲಿ ಮರೆವಿನ ರೋಗಕ್ಕೆ ತುತ್ತಾದ ಹಿರಿಯರು ಮೊದಲು ಇಟ್ಟ ವಸ್ತುವನ್ನು ಮರೆಯುತ್ತಾರೆ. ಬಳಿಕ ಊಟ ಮಾಡಿದ್ದನ್ನು ಮರೆಯುತ್ತಾರೆ. ಕಡೆಗೆ ಮಕ್ಕಳ ಮುಖವನ್ನೇ ಮರೆಯುತ್ತಾರೆ. ಮಗನನ್ನು ನೋಡಿ "ತಾವು ಯಾರು? ಎಲ್ಲಿಂದ ಬಂದಿರಿ?" ಎಂದು ಕೇಳುವ ತಂದೆಯ ಎದುರಿಗೆ ನಿಂತ ಮಗನ ಸಂಕಟವನ್ನು ಶಬ್ದಗಳಿಂದ ಹೇಳಲಾಗದು. ಆ ಸಂಕಟದಿಂದ ಒಂದು ಮಾತು ಹೊರಡುತ್ತದೆ: "ನಮ್ಮ ತಂದೆಯವರು ಹೋಗಿ ಬಹಳ ದಿನವಾಯಿತು, ಈಗ ಉಳಿದಿರುವುದು ದೇಹ ಮಾತ್ರ." ಮಾತು ದುಃಖದಿಂದ ಬಂದದ್ದು, ಆದುದರಿಂದ ಆಡಿದವರನ್ನು ದೂಷಿಸಬಾರದು. ಆದರೆ ಈ ಮಾತು ನಿಜವೇ ಎಂದು ವಿಚಾರಿಸುವುದು ಅವಶ್ಯ. ಏಕೆಂದರೆ ಅದು ನಿಜವಾದರೆ ಆ ಹಾಸಿಗೆಯ ಮೇಲಿರುವವರಿಗೆ ನಾವು ಮಾಡುವ ಸೇವೆಗೆ ಅರ್ಥವೇ ಬೇರೆಯಾಗುತ್ತದೆ. ಪಿತೃಸೇವೆ ಎಂಬುದು ಹೋಗಿ ಕೇವಲ ದೇಹರಕ್ಷಣೆ ಎಂಬುದು ಉಳಿಯುತ್ತದೆ.

ಈ ಬಗೆಯ ಮರೆವಿನಲ್ಲಿ ಬಹುವಾಗಿ ಕಾಣುವ ರೋಗವನ್ನು 1906ರಲ್ಲಿ ಜರ್ಮನಿಯ ವೈದ್ಯನಾದ ಆಲ್ಜೈಮರನು ಮೊದಲು ವಿವರಿಸಿದನು. ಆದುದರಿಂದ ಅದಕ್ಕೆ ಅವನ ಹೆಸರೇ ಬಂದಿತು. ಮಿದುಳಿನ ಜೀವಕೋಶಗಳು ಕ್ರಮವಾಗಿ ನಾಶವಾಗುತ್ತಾ ಹೋಗುವುದು ಇದರ ಲಕ್ಷಣ. ಸಾಮಾನ್ಯವಾಗಿ ಹೊಸ ನೆನಪುಗಳು ಮೊದಲು ಹೋಗುತ್ತವೆ, ಹಳೆಯವು ಬಹುಕಾಲ ಉಳಿಯುತ್ತವೆ. ನಿನ್ನೆ ಬಂದ ಅಳಿಯನನ್ನು ಗುರುತಿಸದ ಹಿರಿಯರು ಉಪನಯನವಾದಂದಿನಿಂದ ರೂಢಿಯಾದ ಆಚಮನವನ್ನು ತಪ್ಪದೆ ಮಾಡುವುದುಂಟು. ಬಾಲ್ಯದಲ್ಲಿ ಕಲಿತ ಸ್ತೋತ್ರವನ್ನು ಯಾರಾದರೂ ಆರಂಭಿಸಿದರೆ ತಾವೂ ದನಿಗೂಡಿಸುವುದುಂಟು. ಇದನ್ನು ನೋಡಿ ಮನೆಯವರು "ಇನ್ನೂ ಅವರು ಇದ್ದಾರೆ" ಎಂದು ಸಮಾಧಾನಪಡುತ್ತಾರೆ. ಸಮಾಧಾನವೇನೋ ಸರಿಯೇ. ಆದರೆ ನಮ್ಮ ನಿರ್ಣಯವನ್ನು ಇದರ ಮೇಲೆ ನಿಲ್ಲಿಸಲಾಗದು. ಏಕೆಂದರೆ ರೋಗವು ಮುಂದುವರಿದಂತೆ ಆ ಆಚಮನವೂ ಆ ಸ್ತೋತ್ರವೂ ನಿಲ್ಲಬಹುದು. ಆಗ ಏನೆಂದು ಹೇಳುವುದು? ಆದುದರಿಂದ ನೆನಪು ಎಷ್ಟು ಉಳಿದಿದೆ ಎಂಬುದನ್ನು ಬಿಟ್ಟು, ನೆನಪೇ ಜೀವನೋ ಎಂಬ ಪ್ರಶ್ನೆಯನ್ನೇ ಎತ್ತಿಕೊಳ್ಳಬೇಕು.

ಪಾಶ್ಚಾತ್ಯರಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವನು ಇಂಗ್ಲೆಂಡಿನ ಜಾನ್ ಲಾಕ್. ಮಾನವಬುದ್ಧಿಯನ್ನು ಕುರಿತ ತನ್ನ ಗ್ರಂಥದ 1694ರ ಎರಡನೆಯ ಆವೃತ್ತಿಗೆ ಅವನು ಇದೇ ವಿಷಯದ ಒಂದು ಅಧ್ಯಾಯವನ್ನು ಸೇರಿಸಿದನು. ಒಬ್ಬ ರಾಜಕುಮಾರನ ಪ್ರಜ್ಞೆಯು ತನ್ನೆಲ್ಲ ನೆನಪುಗಳೊಡನೆ ಒಬ್ಬ ಚಮ್ಮಾರನ ದೇಹವನ್ನು ಪ್ರವೇಶಿಸಿತೆಂದು ಕಲ್ಪಿಸಿದರೆ, ಆ ದೇಹದಲ್ಲಿರುವ ವ್ಯಕ್ತಿ ರಾಜಕುಮಾರನೇ ಎಂದು ಅವನ ಅಭಿಪ್ರಾಯ. ಹಿಂದಿನ ಕ್ರಿಯೆಗಳನ್ನು ತನ್ನವೆಂದು ಅರಿಯುವ ಪ್ರಜ್ಞೆಯು ಎಲ್ಲಿಯವರೆಗೆ ಹಿಂದಕ್ಕೆ ಚಾಚುತ್ತದೆಯೋ ಅಲ್ಲಿಯವರೆಗೆ ಆ ವ್ಯಕ್ತಿ. ದೇಹವೇ ವ್ಯಕ್ತಿಯಲ್ಲವೆಂಬ ಅಂಶದಲ್ಲಿ ಈ ಮಾತು ನಮಗೆ ಹಿತವಾಗಿಯೇ ತೋರುತ್ತದೆ. ಆದರೆ "ತಂದೆಯವರು ಹೋದರು, ದೇಹ ಉಳಿಯಿತು" ಎಂಬ ಮಾತಿನ ಮೂಲವೂ ಇಲ್ಲಿಯೇ ಇದೆ. ನೆನಪೇ ವ್ಯಕ್ತಿಯಾದರೆ ನೆನಪು ಹೋದಾಗ ವ್ಯಕ್ತಿಯೂ ಹೋದನೆಂದೇ ಒಪ್ಪಬೇಕಾಗುತ್ತದೆ.

ಇದಕ್ಕೆ ಸ್ಕಾಟ್ಲೆಂಡಿನ ಥಾಮಸ್ ರೀಡ್ ಎಂಬವನು 1785ರಲ್ಲಿ ಒಂದು ದೃಷ್ಟಾಂತದಿಂದ ಉತ್ತರವಿತ್ತನು. ಒಬ್ಬ ಬಾಲಕನು ಹಣ್ಣಿನ ತೋಟದಲ್ಲಿ ಕದ್ದು ಪೆಟ್ಟು ತಿಂದನು. ಅವನೇ ಬೆಳೆದು ಯೋಧನಾಗಿ ಶತ್ರುವಿನ ಧ್ವಜವನ್ನು ಕಿತ್ತುಕೊಂಡನು. ಮುಂದೆ ಅವನೇ ಸೇನಾಪತಿಯಾದನು. ಯೋಧನಿಗೆ ಬಾಲ್ಯದ ಪೆಟ್ಟು ನೆನಪಿತ್ತು. ಸೇನಾಪತಿಗೆ ಧ್ವಜವನ್ನು ಗೆದ್ದದ್ದು ನೆನಪಿದೆ, ಬಾಲ್ಯದ ಪೆಟ್ಟು ಮಾತ್ರ ಮರೆತುಹೋಗಿದೆ. ನೆನಪೇ ವ್ಯಕ್ತಿಯಾದರೆ ಬಾಲಕನೇ ಯೋಧ, ಯೋಧನೇ ಸೇನಾಪತಿ, ಆದರೆ ಸೇನಾಪತಿ ಮಾತ್ರ ಆ ಬಾಲಕನಲ್ಲ ಎಂಬ ಅಸಂಗತ ನಿರ್ಣಯಕ್ಕೆ ಬರಬೇಕಾಗುತ್ತದೆ. ಹಾಗೆ ಯಾರೂ ಒಪ್ಪಲಾರರು. ನಮ್ಮಲ್ಲಿ ಯಾರಿಗೆ ತಾನೇ ತೊಟ್ಟಿಲಲ್ಲಿ ಮಲಗಿದ ನೆನಪಿದೆ? ಆದರೂ ನಾಮಕರಣವಾದ ಆ ಶಿಶು ತಾನಲ್ಲವೆಂದು ಯಾರೂ ಹೇಳುವುದಿಲ್ಲ.

ಮತ್ತೊಬ್ಬ ವಿಚಾರವಂತನಾದ ಡೇವಿಡ್ ಹ್ಯೂಮನು 1739ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇನ್ನೂ ಮುಂದೆ ಹೋದನು. ತನ್ನೊಳಗೆ ಎಷ್ಟು ನೋಡಿಕೊಂಡರೂ ಸೆಖೆ, ಚಳಿ, ಸುಖ, ದುಃಖ ಮೊದಲಾದ ಅನುಭವಗಳೇ ಸಿಗುತ್ತವೆ, ಅವುಗಳಿಂದ ಬೇರೆಯಾದ 'ನಾನು' ಎಂಬುದು ಸಿಗುವುದಿಲ್ಲ ಎಂದು ಅವನ ಹೇಳಿಕೆ. ನಮ್ಮ ದೇಶದಲ್ಲಿ ಬೌದ್ಧರು ಬಹಳ ಹಿಂದೆಯೇ ಜ್ಞಾನಗಳ ಕ್ಷಣಿಕ ಸಂತಾನವಲ್ಲದೆ ಸ್ಥಿರನಾದ ಆತ್ಮನಿಲ್ಲವೆಂದಿದ್ದರು. ಭಗವಾನ್ ವೇದವ್ಯಾಸರು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಈ ಪಕ್ಷವನ್ನು ನಿರಾಕರಿಸುವಾಗ ಸ್ಮರಣೆಯನ್ನೇ ಒಂದು ಹೇತುವನ್ನಾಗಿ ಹೇಳಿದ್ದಾರೆ. ಒಬ್ಬನು ಕಂಡದ್ದನ್ನು ಮತ್ತೊಬ್ಬನು ನೆನೆಯಲಾರನು. ನೆನೆಯುವವನು ಕಂಡವನೇ ಆಗಿರಬೇಕು.

ಇಲ್ಲಿ ಒಂದು ಶಂಕೆ ಸಹಜವಾಗಿ ಬರುತ್ತದೆ. ಸೂತ್ರಕಾರರೇ ಸ್ಮರಣೆಯಿಂದ ಆತ್ಮನ ಸ್ಥಿರತೆಯನ್ನು ಸಾಧಿಸಿರುವಾಗ, ಸ್ಮರಣೆ ಹೋದರೆ ಸ್ಥಿರತೆಯೂ ಹೋಗಬೇಡವೇ? ಶಾಸ್ತ್ರಾಭ್ಯಾಸದ ಮೊದಲ ಮೆಟ್ಟಿಲಿನಲ್ಲಿಯೇ ಕಲಿಯುವ ಒಂದು ಭೇದವು ಇಲ್ಲಿ ನೆರವಾಗುತ್ತದೆ. ಕಾರಣವು ಎರಡು ವಿಧ: ವಸ್ತುವನ್ನು ಹುಟ್ಟಿಸುವುದು ಕಾರಕ, ಇರುವ ವಸ್ತುವನ್ನು ತಿಳಿಸುವುದು ಜ್ಞಾಪಕ. ಹೊಗೆಯು ಬೆಂಕಿಯನ್ನು ತಿಳಿಸುತ್ತದೆ, ಹುಟ್ಟಿಸುವುದಿಲ್ಲ. ಹೊಗೆ ಕಾಣದಿದ್ದಾಗಲೂ ಕೆಂಡದಲ್ಲಿ ಬೆಂಕಿ ಇದ್ದೇ ಇರುತ್ತದೆ. ಹಾಗೆಯೇ ಸ್ಮರಣೆಯು "ಅವನೇ ಇವನು" ಎಂಬುದನ್ನು ತಿಳಿಸುವ ಜ್ಞಾಪಕವೇ ಹೊರತು ಅವನನ್ನು ಅವನನ್ನಾಗಿ ಮಾಡುವ ಕಾರಕವಲ್ಲ. ಲಾಕನ ತಪ್ಪು ಇಲ್ಲಿಯೇ ಇದೆ. ಗುರುತನ್ನು ಗುರುತಿಸಲ್ಪಟ್ಟ ವಸ್ತುವೆಂದು ಅವನು ತಿಳಿದನು.

ಹಾಗಾದರೆ ಗುರುತಿಸಲ್ಪಡುವ ಆ 'ನಾನು' ಯಾರು? ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವು ಸಾಕ್ಷಿ ಎಂಬ ಒಂದು ಶಬ್ದದಲ್ಲಿ ಅಡಗಿದೆ. ಸಾಕ್ಷಿಯೆಂದರೆ ಜೀವನ ಸ್ವರೂಪೇಂದ್ರಿಯ, ಜೀವನಿಂದ ಭಿನ್ನವಲ್ಲದ ಅರಿವು. ತಾನು, ತನ್ನ ಸುಖದುಃಖಗಳು, ಮನಸ್ಸು, ಕಾಲ ಇವೆಲ್ಲವೂ ನೇರವಾಗಿ ಸಾಕ್ಷಿಗೆ ಗೋಚರವಾಗುತ್ತವೆ. ಕಣ್ಣಿಗೆ ಭ್ರಾಂತಿಯುಂಟು, ಮನಸ್ಸಿಗೆ ಭ್ರಾಂತಿಯುಂಟು. "ನನಗೆ ನೋವಾಗುತ್ತಿದೆ" ಎಂಬ ಸಾಕ್ಷಿಯ ಅರಿವಿನಲ್ಲಿ ಭ್ರಾಂತಿಯಿಲ್ಲ. ಹ್ಯೂಮನು ಸುಖದುಃಖಗಳ ರಾಶಿಯಲ್ಲಿ 'ನಾನು' ಎಂಬುದನ್ನು ಮತ್ತೊಂದು ವಸ್ತುವಿನಂತೆ ಹುಡುಕಿದನು. ಆದರೆ ಹುಡುಕುತ್ತಿರುವವನೇ ಆ 'ನಾನು'. ಸುಖವು ತೋರುವಾಗ ಬರಿಯ ಸುಖವಾಗಿ ತೋರುವುದಿಲ್ಲ, "ನನಗೆ ಸುಖ" ಎಂದೇ ತೋರುತ್ತದೆ.

ಗಾಢನಿದ್ರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆಗ ಕಣ್ಣುಕಿವಿಗಳು ಕೆಲಸ ಮಾಡುವುದಿಲ್ಲ, ಮನಸ್ಸೂ ಅಡಗಿರುತ್ತದೆ. ಮಗನ ಹೆಸರಾಗಲಿ ತನ್ನ ಊರಾಗಲಿ ಯಾವುದೂ ಆಗ ತೋರುವುದಿಲ್ಲ. ಆದರೂ ಎದ್ದಮೇಲೆ ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆನೆಂದು ಹೇಳುತ್ತೇವೆ. ಆ ಸುಖವನ್ನೂ ಆ ಕಾಲವನ್ನೂ ಅನುಭವಿಸಿದವನು ಒಳಗೆ ಎಚ್ಚರವಾಗಿದ್ದ ಸಾಕ್ಷಿಯೇ. ಪ್ರತಿ ರಾತ್ರಿಯೂ ನಾವೆಲ್ಲರೂ ಕೆಲವು ಹೊತ್ತು ಮಕ್ಕಳನ್ನು ಅರಿಯದವರಾಗುತ್ತೇವೆ. ಮಲಗಿದ ತಂದೆಯನ್ನು ನೋಡಿ ಯಾವ ಮಗನೂ "ಇವರು ಈಗ ನಮ್ಮ ತಂದೆಯಲ್ಲ" ಎನ್ನುವುದಿಲ್ಲ.

ಇನ್ನು ನೆನಪು ಯಾರ ಕೆಲಸ? ಶ್ರೀಜಯತೀರ್ಥ ಟೀಕಾಚಾರ್ಯರು ಪ್ರಮಾಣಪದ್ಧತಿಯಲ್ಲಿ ಸ್ಮೃತಿಯು ಮನಸ್ಸೆಂಬ ಇಂದ್ರಿಯದಿಂದ, ಸಂಸ್ಕಾರದ ಮೂಲಕ, ಹುಟ್ಟುವ ಜ್ಞಾನವೆಂದು ನಿರೂಪಿಸಿದ್ದಾರೆ. ಈ ಮನಸ್ಸು ಪ್ರಕೃತಿಯಿಂದಾದ ಜಡವಾದ ಉಪಕರಣ. ರೂಪವನ್ನು ನೋಡಲು ಕಣ್ಣು ಹೇಗೋ ಕಳೆದುದನ್ನು ನೋಡಲು ಮನಸ್ಸು ಹಾಗೆ. ಕಣ್ಣೆಂಬ ಇಂದ್ರಿಯಕ್ಕೆ ಹೊರಗೆ ಕಾಣುವ ಗೋಳಕವು ಆಶ್ರಯವಾಗಿರುವಂತೆ ಮನಸ್ಸಿನ ವ್ಯಾಪಾರಕ್ಕೆ ಮಿದುಳು ಆಶ್ರಯವೆಂದು ತಿಳಿದರೆ ವೈದ್ಯರ ಮಾತಿಗೂ ನಮ್ಮ ಶಾಸ್ತ್ರಕ್ಕೂ ವಿರೋಧವಿಲ್ಲ. ಕಣ್ಣಿಗೆ ಪೊರೆ ಬಂದು ತಂದೆಗೆ ಮಗನ ಮುಖ ಕಾಣದಾದಾಗ ತಂದೆಯು ಇಲ್ಲವಾದನೆಂದು ನಾವು ಹೇಳುವುದಿಲ್ಲ, ಕಣ್ಣು ಹೋಯಿತೆಂದು ಹೇಳುತ್ತೇವೆ. ಮನಸ್ಸಿನ ಗೋಳಕಕ್ಕೆ ಪೊರೆ ಬಂದಾಗ ಮಾತ್ರ ಬೇರೆ ಮಾತನ್ನು ಆಡುವುದೇಕೆ? ಉಪಕರಣವು ಕೆಟ್ಟಿದೆ, ಉಪಕರಣವುಳ್ಳವನು ಇದ್ದಾನೆ. ಹಸಿವಾದಾಗ ಹಸಿವನ್ನೂ, ನೋವಾದಾಗ ನೋವನ್ನೂ, ಪ್ರೀತಿಯಿಂದ ಕೈ ಹಿಡಿದಾಗ ಆ ಹಿತವನ್ನೂ ಅನುಭವಿಸುವವನು ಅವನೇ.

ಇಷ್ಟನ್ನು ಒಪ್ಪಿಯೂ ಒಬ್ಬರು ಹೀಗೆ ಕೇಳಬಹುದು: "ಒಳಗೆ ಯಾವನೋ ಒಬ್ಬ ಜೀವನಿರಬಹುದು. ಆದರೆ ನಾವು ಕಂಡ ನಗುಮುಖದ, ಲೆಕ್ಕದಲ್ಲಿ ಕಟ್ಟುನಿಟ್ಟಾದ, ಏಕಾದಶಿಯನ್ನು ತಪ್ಪದ ಆ ನಮ್ಮ ತಂದೆಯು ಎಲ್ಲಿ?" ಇದು ಗಂಭೀರವಾದ ಪ್ರಶ್ನೆ. ಎಲ್ಲ ಜೀವರೂ ಒಂದೇ ಎನ್ನುವವರಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟ. ನಮ್ಮ ಸಿದ್ಧಾಂತದಲ್ಲಿ ಒಬ್ಬ ಜೀವನು ಮತ್ತೊಬ್ಬನಂತಿಲ್ಲ. ಅವನ ಭೇದವು ಹೊರಗಿನಿಂದ ಅಂಟಿಸಿದ ಚೀಟಿಯಲ್ಲ. ಅದು ಅವನ ಸ್ವರೂಪವೇ. ಜ್ಞಾನ, ಆನಂದ, ಭಕ್ತಿ ಇವುಗಳಲ್ಲಿ ಅವನಿಗೇ ಮೀಸಲಾದ ಒಂದು ಯೋಗ್ಯತೆಯುಂಟು, ಅದು ಮೋಕ್ಷದಲ್ಲಿಯೂ ಅಳಿಯುವುದಿಲ್ಲ. ಆದುದರಿಂದ ಉಳಿದಿರುವವನು ಹೆಸರಿಲ್ಲದ ಯಾವನೋ ಒಬ್ಬನಲ್ಲ, ಆ ಒಬ್ಬನೇ. ನಗುಮುಖವೂ ಕಟ್ಟುನಿಟ್ಟೂ ಸ್ವರೂಪದ ಬೆಳಕು ಮನಸ್ಸೆಂಬ ಗಾಜಿನ ಮೂಲಕ ಹೊರಬಂದ ಬಗೆಗಳು. ಗಾಜಿಗೆ ಮಸಿ ಹಿಡಿದರೆ ಬೆಳಕು ಹೊರಬಾರದು, ದೀಪವು ಆರಿಲ್ಲ. ಕೆಲವು ರೋಗಿಗಳಲ್ಲಿ ಹಿಂದೆ ಎಂದೂ ಕಾಣದ ಕೋಪವೂ ಬೈಗುಳವೂ ಕಾಣಿಸಿಕೊಳ್ಳುತ್ತವೆ. ಅದು ಗಾಜಿನ ಮಸಿಯೆಂದು ತಿಳಿದ ಮನೆಯವರಿಗೆ ಸಹನೆಯು ಸುಲಭವಾಗುತ್ತದೆ.

ಇಲ್ಲಿ ಮತ್ತೊಂದು ಮಾತನ್ನೂ ಸೇರಿಸಬೇಕು. ಜೀವಜೀವರ ನಡುವೆ ತಂದೆಮಕ್ಕಳೆಂಬ ಸಂಬಂಧವು ಸ್ವರೂಪದಿಂದ ಬಂದದ್ದಲ್ಲ. ಶ್ರೀಹರಿಯ ಇಚ್ಛೆಯಿಂದ ಈ ದೇಹಗಳ ಮೂಲಕ ಬಂದದ್ದು. ಆ ದೇಹವು ಇನ್ನೂ ಕಣ್ಣೆದುರಿಗಿದೆ, ಅದರಲ್ಲಿ ಆ ಜೀವನೂ ಇದ್ದಾನೆ. ದೇಹವೂ ಹೋದಮೇಲೆ ವರ್ಷವರ್ಷವೂ ಋಣವನ್ನು ಸ್ಮರಿಸುವ ನಾವು, ಎರಡೂ ಇರುವಾಗ ಸಂಬಂಧವು ಮುಗಿಯಿತೆನ್ನುವುದು ಹೇಗೆ? ಋಣ ಕೊಟ್ಟವನು ಮರೆತರೆ ತೆಗೆದುಕೊಂಡವನ ಋಣ ತೀರುವುದಿಲ್ಲ.

ಗೀತೆಯ ನಾಲ್ಕನೆಯ ಅಧ್ಯಾಯವು ಈ ವಿಚಾರಕ್ಕೆ ಮುದ್ರೆಯನ್ನೊತ್ತುತ್ತದೆ. ತನಗೂ ಅರ್ಜುನನಿಗೂ ಅನೇಕ ಜನ್ಮಗಳು ಕಳೆದಿವೆ, ಅವೆಲ್ಲವನ್ನೂ ತಾನು ಬಲ್ಲೆನು, ಅರ್ಜುನನು ಅರಿಯನು ಎಂದು ಭಗವಂತನು ಅಲ್ಲಿ ತಿಳಿಸುತ್ತಾನೆ. ಭಗವಂತನ ಜನ್ಮಗಳು ಸ್ವೇಚ್ಛೆಯಿಂದಾದ ಅವತಾರಗಳು, ಅರ್ಜುನನವು ಹಾಗಲ್ಲ ಎಂಬುದು ಬೇರೆ ವಿಷಯ. ನಮಗೆ ಇಲ್ಲಿ ಬೇಕಾದುದಿಷ್ಟು: ಅರ್ಜುನನಿಗೆ ಆ ಜನ್ಮಗಳ ನೆನಪಿಲ್ಲ, ಆದರೂ ಅವು ಅವನವೇ. ಮರೆತವನ ಚರಿತ್ರೆಯು ಮರೆಯದವನಲ್ಲಿ ಭದ್ರವಾಗಿದೆ. ನಾವು ಯಾರು ಎಂಬುದಕ್ಕೆ ಕಡೆಯ ದಾಖಲೆ ನಮ್ಮ ನೆನಪಲ್ಲ, ಅವನ ಸರ್ವಜ್ಞತ್ವ.

"ನೆನಪಿಲ್ಲದ ಜನ್ಮದ ಕರ್ಮಕ್ಕೆ ಇಂದು ಫಲವುಣ್ಣುವುದು ನ್ಯಾಯವೇ?" ಎಂದು ತರುಣರು ಕೇಳುವುದುಂಟು. ಕಡೆಯ ನ್ಯಾಯತೀರ್ಪಿನಲ್ಲಿ ಯಾರೂ ತಾನರಿಯದ ಕಾರ್ಯಕ್ಕೆ ಹೊಣೆಯಾಗಲಾರನು ಎಂದು ಲಾಕನೂ ಎಣಿಸಿದ್ದನು. ಆದರೆ ಕರ್ಮಫಲವು ಕೇವಲ ಶಿಕ್ಷೆಯಲ್ಲ. ಪಥ್ಯ ತಪ್ಪಿದ್ದನ್ನು ಮರೆತವನಿಗೂ ಜ್ವರ ಬಿಡುವುದಿಲ್ಲ. ಅಂತೆಯೇ ಹಿಂದೆ ಮಾಡಿದ ಪುಣ್ಯವನ್ನು ಮರೆತವನಿಗೂ ಅದರ ಫಲ ತಪ್ಪುವುದಿಲ್ಲ. ಈ ಎರಡನೆಯ ಮಾತಿನಲ್ಲಿ ನಮ್ಮ ಹಿರಿಯರ ವಿಷಯದಲ್ಲಿ ದೊಡ್ಡ ಭರವಸೆಯಿದೆ. ಅವರು ಅರವತ್ತು ವರ್ಷ ಮಾಡಿದ ಜಪಪೂಜೆಗಳು ಅವರು ಮರೆತ ಮಾತ್ರಕ್ಕೆ ಇಲ್ಲವಾಗುವುದಿಲ್ಲ.

ಈ ಭರವಸೆಯನ್ನು ಹೇಳಲು ಒಂದು ಕಾರಣವಿದೆ. ಧರ್ಮಶ್ರದ್ಧೆಯುಳ್ಳ ಮನೆಗಳಲ್ಲಿ ಮರೆವಿನ ರೋಗವು ತರುವ ದೊಡ್ಡ ಭಯವೆಂದರೆ ಅಂತ್ಯಕಾಲದ ಭಯ. ದೇಹವನ್ನು ಬಿಡುವಾಗ ಯಾವುದನ್ನು ನೆನೆಯುವನೋ ಅದನ್ನೇ ಹೊಂದುವನೆಂದು ಗೀತೆಯ ಎಂಟನೆಯ ಅಧ್ಯಾಯವು ಸಾರುತ್ತದೆ. ಮಗನ ಹೆಸರನ್ನೇ ನೆನೆಯಲಾಗದ ತಾಯಿಯು ಹರಿಯ ಹೆಸರನ್ನು ನೆನೆಯುವುದೆಂತು? ಜೀವನವೆಲ್ಲ ತುಳಸಿಗೆ ನೀರೆರೆದ ಆಕೆಗೆ ಕಡೆಯ ಗಳಿಗೆಯಲ್ಲಿ ಎಲ್ಲವೂ ವ್ಯರ್ಥವಾಯಿತೇ? ಇದಕ್ಕೆ ಆ ಶ್ಲೋಕದಲ್ಲಿಯೇ ಉತ್ತರದ ಬೀಜವಿದೆ. ಅಂತ್ಯಸ್ಮರಣೆಯು ಸದಾಕಾಲದ ಭಾವನೆಯಿಂದ ಬರುವುದೆಂದು ಅಲ್ಲಿಯೇ ಹೇಳಿದೆ. ಅದು ಆಕಸ್ಮಿಕವಾಗಿ ಒದಗುವ ಅಥವಾ ಆಕಸ್ಮಿಕವಾಗಿ ತಪ್ಪಿಹೋಗುವ ವಸ್ತುವಲ್ಲ. ಮೇಲಾಗಿ ಸ್ಮೃತಿಯೂ ಜ್ಞಾನವೂ ಅವುಗಳ ಹೋಗುವಿಕೆಯೂ ತನ್ನಿಂದಲೇ ಎಂದು ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಿಳಿಸಿದ್ದಾನೆ. ನೆನಪನ್ನು ಕೊಟ್ಟವನೇ ಮರೆವನ್ನೂ ಕೊಟ್ಟಿದ್ದಾನೆ, ಮತ್ತು ಎರಡನ್ನೂ ಹೃದಯದಲ್ಲಿ ನಿಂತೇ ಕೊಟ್ಟಿದ್ದಾನೆ. ಜೀವನು ಪ್ರತಿಬಿಂಬ, ಶ್ರೀಹರಿಯು ಬಿಂಬ. ಕನ್ನಡಿಯ ಪ್ರತಿಬಿಂಬವು ಕನ್ನಡಿಯೊಡನೆ ಹೋಗುವಂತಹುದು. ಜೀವನ ಪ್ರತಿಬಿಂಬತ್ವವು ಯಾವ ಜಡವಾದ ಉಪಾಧಿಯನ್ನೂ ನೆಚ್ಚಿಕೊಂಡಿಲ್ಲವಾದುದರಿಂದ ಮಿದುಳಿನ ನಾಶದಿಂದ ನಾಶವಾಗದು. ಹಿಂದಿನ ಜನ್ಮದಲ್ಲಿ ಇಂದ್ರದ್ಯುಮ್ನನೆಂಬ ಪಾಂಡ್ಯರಾಜನಾಗಿದ್ದ ಗಜೇಂದ್ರನಿಗೆ ಮೊಸಳೆಯ ಬಾಯಲ್ಲಿ ಸಿಕ್ಕಿದಾಗ ಆ ಜನ್ಮದಲ್ಲಿ ಕಲಿತ ಸ್ತೋತ್ರವು ಒದಗಿಬಂದಿತೆಂದು ಭಾಗವತದ ಎಂಟನೆಯ ಸ್ಕಂಧವು ಹೇಳುತ್ತದೆ. ಆನೆಯ ದೇಹವೂ ತಡೆಯಲಾರದ ಸಂಸ್ಕಾರವನ್ನು ಬಡಿದೆಬ್ಬಿಸಲು ಸಮರ್ಥನಾದವನಿಗೆ ಒಬ್ಬ ವೃದ್ಧೆಯ ದುರ್ಬಲವಾದ ದೇಹವು ತಡೆಯಾದೀತೇ? ಹೊರಗೆ ತುಟಿ ಅಲುಗಾಡದಿರಬಹುದು. ಒಳಗೆ ಏನು ನಡೆಯಿತೆಂಬುದಕ್ಕೆ ನಾವು ಸಾಕ್ಷಿಗಳಲ್ಲ.

ಈ ತತ್ತ್ವವು ಆಚರಣೆಯಲ್ಲಿ ಕಾಣಿಸಬೇಕು. ಮರೆತ ಹಿರಿಯರನ್ನು ನಾಲ್ವರ ಎದುರಿಗೆ "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷಿಸುವುದನ್ನು ಬಿಡಬೇಕು. ಉತ್ತರ ಬಾರದೆ ತಬ್ಬಿಬ್ಬಾಗುವ ಆ ಕ್ಷಣದ ಸಂಕೋಚವನ್ನು ಅವರ ಸಾಕ್ಷಿ ಅನುಭವಿಸುತ್ತದೆ. ಪರೀಕ್ಷೆಯ ಬದಲು ನಾವೇ ಹೆಸರು ಹೇಳಿಕೊಂಡು ನಮಸ್ಕರಿಸಬಹುದು. ಪ್ರವರವನ್ನು ಹೇಳಿ ಅಭಿವಾದನ ಮಾಡುವ ಕ್ರಮವು ನಮಗೆ ಹೊಸದಲ್ಲ. ಅವರ ಮುಂದೆಯೇ ಅವರನ್ನು ಕುರಿತು ಅವರಿಲ್ಲವೆಂಬಂತೆ ಮಾತನಾಡಬಾರದು. ಮನೆಯಲ್ಲಿ ಪೂಜೆಯಾದಮೇಲೆ ತೀರ್ಥಪ್ರಸಾದಗಳನ್ನು ಎಂದಿನಂತೆ ಹಿರಿಯರೆಂಬ ಗೌರವದಿಂದ ಕೊಡಬೇಕು. ಅವರು ಹೇಳುತ್ತಿದ್ದ ಸ್ತೋತ್ರವನ್ನು ಅವರ ಬಳಿಯಲ್ಲಿ ಕುಳಿತು ನಾವು ಹೇಳಬೇಕು. ಅವರು ದನಿಗೂಡಿಸಿದರೆ ಸಂತೋಷ, ಗೂಡಿಸದಿದ್ದರೂ ಕೇಳುವವರು ಇದ್ದಾರೆ.

ಆಸ್ತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮರೆತವರ ಕೈಯಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡು "ಅವರಿಗೇನು ಗೊತ್ತಾಗುತ್ತದೆ?" ಎನ್ನುವವರು ವಂಚಿಸಿದ್ದು ಬರಿಯ ದೇಹವನ್ನಲ್ಲ, ತಮ್ಮನ್ನು ಸಾಕಿದ ಆ ಜೀವನನ್ನೇ, ಅವನ ಒಳಗಿರುವ ಅಂತರ್ಯಾಮಿಯು ಅದನ್ನು ಕಂಡಿದ್ದಾನೆ. ಹೆತ್ತವರ ಪೋಷಣೆಯನ್ನು ಮಕ್ಕಳ ಕರ್ತವ್ಯವೆಂದು 2007ರಲ್ಲಿ ಕೇಂದ್ರಸರ್ಕಾರವು ಕಾಯಿದೆಯನ್ನೇ ಮಾಡಿದೆ. ಕಾಯಿದೆಯು ಅನ್ನವನ್ನು ಕೊಡಿಸಬಲ್ಲದು, ಆದರವನ್ನು ಕೊಡಿಸಲಾರದು.

ಹಾಗೆಯೇ ಹಗಲಿರುಳೂ ಶುಶ್ರೂಷೆ ಮಾಡುವ ಸೊಸೆ, ಮಗಳು, ಮಗ ಇವರ ಆಯಾಸವನ್ನೂ ಮರೆಯಲಾಗದು. ಬೇಸರ ಬಂದಿತೆಂದು ಅವರು ತಮ್ಮನ್ನು ಪಾಪಿಗಳೆಂದು ಭಾವಿಸಬೇಕಾಗಿಲ್ಲ. ನೆರವಿಗೆ ದಾದಿಯನ್ನಿಡುವುದರಲ್ಲಿಯೂ ವೈದ್ಯರ ಸಹಾಯ ಪಡೆಯುವುದರಲ್ಲಿಯೂ ದೋಷವಿಲ್ಲ. ಬಂಧುಗಳು ದೂರದಿಂದ ಉಪದೇಶ ಮಾಡುವುದನ್ನು ಬಿಟ್ಟು ವಾರಕ್ಕೊಂದು ದಿನವಾದರೂ ಬಂದು ಹಿರಿಯರ ಬಳಿ ಕುಳಿತರೆ ಅದೂ ಒಂದು ದೊಡ್ಡ ಸೇವೆಯೇ. ಗುರುತಿಸುವವರಿಗೆ ಮಾಡುವ ಸೇವೆಗೆ ಅವರ ನಗುವೇ ಕೂಲಿಯಾಗಿ ಕೂಡಲೇ ಸಿಗುತ್ತದೆ. ಗುರುತಿಸದವರಿಗೆ ಮಾಡುವ ಸೇವೆಗೆ ಕೂಲಿಯಿಲ್ಲ. ಅದು ನೇರವಾಗಿ ಅಂತರ್ಯಾಮಿಗೆ ಸಲ್ಲುತ್ತದೆ.

ಕಡೆಗೊಂದು ಮಾತು. ಮಗನನ್ನು ಮರೆತ ತಂದೆಯನ್ನು ಕಂಡು ನಾವು ಕನಿಕರಪಡುತ್ತೇವೆ. ಆದರೆ ಅನಾದಿಕಾಲದಿಂದ ಹೃದಯದಲ್ಲಿಯೇ ಕುಳಿತು ಒಂದು ಕ್ಷಣವೂ ಬಿಟ್ಟಿರದ ಆ ಸ್ವಾಮಿಯನ್ನು ನಾವೆಲ್ಲರೂ ಮರೆತೇ ಬಾಳುತ್ತಿದ್ದೇವೆ. ನಾವು ಮರೆತೆವೆಂದು ಅವನು ನಮ್ಮನ್ನು ಕೈಬಿಟ್ಟಿಲ್ಲ. "ಇವನು ನನ್ನವನಲ್ಲ" ಎಂದೂ ಹೇಳಿಲ್ಲ. ಅವನು ನಮ್ಮಲ್ಲಿ ತೋರುವ ಈ ಸಹನೆಯ ಒಂದು ಕಣವನ್ನಾದರೂ ಮರೆತ ನಮ್ಮ ಹಿರಿಯರಲ್ಲಿ ತೋರುವ ಬುದ್ಧಿಯನ್ನು ಹರಿವಾಯುಗುರುಗಳು ನಮ್ಮೆಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.